ಅಜ್ಜನ ಟ್ರಂಕಿನಲ್ಲಿ ಬಾಣದ ಗುರುತಿನ ಫೋರ್ಕುಗಳು: ಉಜ್ಜಬೇಕೋ, ಹಾಗೆಯೇ ಇಡಬೇಕೋ?

ಲೆಕ್ಕದ ಮನುಷ್ಯ, ಕೌಲ್ ಬಜಾರ್, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯ ಒಂದು ಜೀನ್ಸ್ ಹೊಲಿಗೆ ಘಟಕದಲ್ಲಿ ಲೆಕ್ಕ ಬರೆಯುವವನು. ಹಳೆಯ ಸಾಮಾನಿನ ವಿಷಯದಲ್ಲಿ ನನ್ನ ಜ್ಞಾನ ಸೊನ್ನೆ. ಆದರೆ ಪಟ್ಟಿ ಮಾಡುವುದು ನನ್ನ ಕಸುಬು, ಆದ್ದರಿಂದ ಪಟ್ಟಿ ಸಮೇತ ಬಂದಿದ್ದೇನೆ.

ನಮ್ಮ ತಂದೆಯ ತಂದೆ ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಇಲ್ಲಿನ ಕಂಟೋನ್ಮೆಂಟಿನ ಅಧಿಕಾರಿಗಳ ಮೆಸ್‌ನಲ್ಲಿ ಬಟ್ಲರ್ ಆಗಿದ್ದರು. ದೊರೆಗಳು ಹೋದ ಮೇಲೆ ರೈಲು ನಿಲ್ದಾಣದ ಉಪಾಹಾರ ಕೊಠಡಿಗೆ ಸೇರಿಕೊಂಡರು. ನನಗೆ ಅವರ ನೆನಪು ಅಷ್ಟಾಗಿ ಇಲ್ಲ. ಊಟಕ್ಕೆ ಕುಳಿತಾಗ ನೀರಿನ ಲೋಟ ಬಲಕ್ಕೇ ಇರಬೇಕೆಂದು ಸಿಟ್ಟಾಗುತ್ತಿದ್ದರು ಎಂಬುದೊಂದು ಮಾತ್ರ ಮನೆಯಲ್ಲಿ ಎಲ್ಲರ ಬಾಯಲ್ಲಿದೆ. ಈಗ ಹಳೆಯ ಮನೆಯ ಅಟ್ಟ ಇಳಿಸುವಾಗ ಅವರ ಕಬ್ಬಿಣದ ಟ್ರಂಕು ಸಿಕ್ಕಿದೆ. ಒಳಗೆ ಕಂಬಳಿ, ಅದರೊಳಗೆ ತಮಿಳು ಪತ್ರಿಕೆಯ ಹಾಳೆಗಳು, ಅದರೊಳಗೆ ಇವು:

ಊಟದ ಫೋರ್ಕುಗಳು ಆರು. ಹಿಂಬದಿಯಲ್ಲಿ ನಾಲ್ಕು ಪುಟ್ಟ ಚೌಕಗಳಲ್ಲಿ ಇ, ಪಿ, ಎನ್, ಎಸ್ ಎಂಬ ಇಂಗ್ಲಿಷ್ ಅಕ್ಷರಗಳು, ಪಕ್ಕದಲ್ಲಿ ಎ1. ಅವುಗಳಲ್ಲಿ ಎರಡರ ಮೇಲೆ ಮೇಲ್ಮುಖದ ಬಾಣ, ಬಾಣದ ಕೆಳಗೆ ಐ ಎಂಬ ಅಕ್ಷರ. ಚಮಚಗಳು ನಾಲ್ಕು, ಎಂ.ಎಸ್.ಎಂ.ಆರ್. ಎಂದು ಕೆತ್ತಿದೆ. ಒಂದು ದೊಡ್ಡ ಸೌಟು, ಅರ್ಧ ಕೆ.ಜಿ.ಗೆ ಸ್ವಲ್ಪ ಕಡಿಮೆ ತೂಗುತ್ತದೆ, ಇದೂ ಇ.ಪಿ.ಎನ್.ಎಸ್. ಬಿಳಿ ಹಿಡಿಯ ಚಾಕುಗಳು ಮೂರು, ಅಲಗು ತುಕ್ಕು ಹಿಡಿದಿದೆ. ಬಿಳಿ ಪಿಂಗಾಣಿ ತಟ್ಟೆ ಒಂದು, ತಳದಲ್ಲಿ ಕಿರೀಟ, ಜಿ.ಆರ್. ಎಂಬ ಅಕ್ಷರಗಳು, 1942. ಆಯತಾಕಾರದ ಅಲ್ಯೂಮಿನಿಯಂ ಡಬ್ಬಿಗಳ ಜೋಡಿ, ಒಂದರೊಳಗೆ ಒಂದು ಕೂರುತ್ತದೆ, ಮಡಚುವ ಹಿಡಿಯಿದೆ. ಕೊನೆಗೆ ಒಂದು ಬಳೆ. ಬಳೆ ಎಂದು ಬರೆಯುವುದಕ್ಕೆ ಕಾರಣ, ನಮ್ಮ ಅತ್ತೆ ಚಿಕ್ಕವರಿದ್ದಾಗ ಅದನ್ನು ಕೈಗೆ ಹಾಕಿಕೊಂಡು ಆಡಿದ್ದಾರಂತೆ. ಎರಡು ಬೆರಳಿನಷ್ಟು ಅಗಲದ ಪಟ್ಟಿ. ಮೇಲೆ ಇಂಗ್ಲಿಷಿನಲ್ಲಿ ಮೂರು ಅಕ್ಷರಗಳ ಜೋಡಣೆ, ಕೆಳಗೆ ಬಳ್ಳಾರಿ, 1917.

ಎಲ್ಲವೂ ಕಪ್ಪಗಿವೆ. ಚಿಕ್ಕಪ್ಪನವರು ಸೌಟನ್ನು ಎತ್ತಿ ತೂಗಿ ನೋಡಿ, ಇದು ಶುದ್ಧ ಬೆಳ್ಳಿ, ಕರಗಿಸಿದರೆ ಜೋಡಿ ದೀಪದ ಕಂಬ ಆಗುತ್ತದೆ ಎಂದು ಆಗಲೇ ಘೋಷಿಸಿದ್ದಾರೆ. ಬಳೆಯನ್ನು ಅವರು ತುರ್ಕಿಯ ಪಾಶಾ ಒಬ್ಬನದು ಎನ್ನುತ್ತಾರೆ. ಚಿಕ್ಕಮ್ಮ ಹುಣಸೆಹಣ್ಣು ನೆನೆಹಾಕಲು ಹೊರಟಿದ್ದರು, ನಾನೇ ತಡೆದೆ. ಅದಕ್ಕೆ ಅವರು ಮುನಿಸಿಕೊಂಡು ಎಲ್ಲವನ್ನೂ ನಮ್ಮ ಘಟಕದ ಜೀನ್ಸ್ ತುಂಡುಗಳಲ್ಲಿ ಸುತ್ತಿ ಅಡುಗೆಮನೆಯ ಕಪಾಟಿಗೆ ಸೇರಿಸಿದ್ದಾರೆ.

ನನ್ನ ಪ್ರಶ್ನೆಗಳು. ಇದರಲ್ಲಿ ಬೆಳ್ಳಿ ಯಾವುದು? ಬಾಣದ ಗುರುತಿರುವುದು ಸರ್ಕಾರದ ಸೊತ್ತು ಎಂದು ಓದಿದೆ, ಹಾಗಾದರೆ ಅಜ್ಜ ಕದ್ದು ತಂದರೇ? (ಇದನ್ನು ಮನೆಯಲ್ಲಿ ಯಾರೂ ಜೋರಾಗಿ ಕೇಳುತ್ತಿಲ್ಲ, ನಾನು ಕೇಳುತ್ತಿದ್ದೇನೆ.) ತೊಳೆಯುವುದಾದರೆ ಹೇಗೆ? ಇಡುವುದಾದರೆ ಎಲ್ಲಿ? ನಮ್ಮ ಊರಿನ ಬಿಸಿಲು, ದೂಳು ನಿಮಗೆ ಗೊತ್ತೇ ಇದೆ.

ಪತ್ತಾರ ಓಣಿ

ಒರೆಗಲ್ಲಿಗೆ ತಿಕ್ಕಿಸಿ ನೋಡಿ. ಬೆಳ್ಳಿಯಾದರೆ ನಿಮ್ಮ ಚಿಕ್ಕಪ್ಪ ಹೇಳಿದ್ದೇ ಸರಿ, ಅಲ್ಲದಿದ್ದರೆ ಗುಜರಿ ಅಂಗಡಿಯಲ್ಲಿ ತೂಕಕ್ಕೆ ಹೋಗುತ್ತದೆ. ಯಾರೋ ದೊರೆ ತಿಂದ ಎಂಜಲು ಚಮಚವನ್ನು ಮನೆಯಲ್ಲಿಟ್ಟು ಪೂಜೆ ಮಾಡುವುದು ನನಗಂತೂ ತಿಳಿಯದು. ಹೊಸದಾಗಿ ಬೆಳ್ಳಿ ಗಿಲೀಟು ಮಾಡಿಸಿದರೆ ಫಳಫಳ ಹೊಳೆಯುತ್ತದೆ, ಅದೂ ಒಂದು ದಾರಿ.

ಹಳೇ ಪೆಟ್ಟಿಗೆ, ಸಂಡೂರು

ಲೆಕ್ಕದವರೇ, ಮೇಲಿನವರು ಹೇಳಿದ ಒರೆ, ಗಿಲೀಟು, ಗುಜರಿ ಯಾವುದನ್ನೂ ಮಾಡಬೇಡಿ. ಹುಣಸೆಹಣ್ಣು ತಡೆದದ್ದಕ್ಕೆ ನಿಮಗೆ ನನ್ನ ನಮಸ್ಕಾರ. ಚಿಕ್ಕಮ್ಮನವರಿಗೆ ಒಂದು ಸೀರೆ ಕೊಡಿಸಿ ರಾಜಿಯಾಗಿ, ಆಮೇಲೆ ಆ ಜೀನ್ಸ್ ತುಂಡುಗಳನ್ನು ಈಗಿಂದೀಗಲೇ ಬಿಚ್ಚಿ. ಏಕೆ ಎಂದು ಮುಂದೆ ಹೇಳುತ್ತೇನೆ.

ನಾನು ಯುದ್ಧಕಾಲದ ಊಟದ ಸಾಮಾನನ್ನು ಬಹಳ ವರ್ಷಗಳಿಂದ ಕೂಡಿಹಾಕುತ್ತಿರುವ ಮುದುಕಿ. ಗ್ರಂಥಾಲಯದ ಕೆಲಸದಿಂದ ನಿವೃತ್ತಳಾದವಳು. ಈ ಸಾಮಾನಿನ ಬೆಲೆ ಅದರ ಲೋಹದಲ್ಲಿ ಇಲ್ಲ, ಅದರ ಹಿಂಬದಿಯ ಅಕ್ಷರಗಳಲ್ಲಿದೆ. ಆದ್ದರಿಂದ ಮೊದಲು ಓದಬೇಕು, ಉಜ್ಜುವ ಮಾತು ಆಮೇಲೆ. ಎಷ್ಟೋ ಜನ ಮೊದಲು ಉಜ್ಜುತ್ತಾರೆ, ಆಮೇಲೆ ಓದಲು ಕುಳಿತರೆ ಅಲ್ಲಿ ಓದುವುದಕ್ಕೆ ಏನೂ ಉಳಿದಿರುವುದಿಲ್ಲ. ನನ್ನ ಪರಿಚಯದವರೊಬ್ಬರು ಬಾಣದ ಗುರುತಿದ್ದ ಒಂದು ಡಜನ್ ಚಮಚಗಳನ್ನು ಗಿಲೀಟಿಗೆ ಕೊಟ್ಟರು. ಅಂಗಡಿಯವನು ಲೇಪಿಸುವ ಮುನ್ನ ಯಂತ್ರದ ಚಕ್ರಕ್ಕೆ ಹಿಡಿದು ನುಣುಪು ಮಾಡಿದ. ಹೊಳಪು ಬಂತು, ಬಾಣ ಹೋಯಿತು. ಈಗ ಅವು ಯಾವ ಮದುವೆ ಮಂಟಪದಲ್ಲಾದರೂ ಸಿಗುವ ಚಮಚಗಳು.

ಇ.ಪಿ.ಎನ್.ಎಸ್. ಎಂದರೆ ನಿಕಲ್ ಸಿಲ್ವರ್ ಎಂಬ ಲೋಹದ ಮೇಲೆ ವಿದ್ಯುತ್ತಿನಿಂದ ಹಚ್ಚಿದ ಬೆಳ್ಳಿಯ ಪದರ. ಒಳಗಿನ ಲೋಹ ತಾಮ್ರ, ಸತು, ನಿಕಲ್ ಸೇರಿದ್ದು. ಹೆಸರಿನಲ್ಲಿ ಸಿಲ್ವರ್ ಇದ್ದರೂ ಅದರೊಳಗೆ ಬೆಳ್ಳಿ ಒಂದು ಗುಂಜಿಯೂ ಇಲ್ಲ. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಕಂಪನಿಯವರು 1840ರಲ್ಲಿ ಈ ಲೇಪನ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಮೆಸ್ಸು, ಹೋಟೆಲು, ರೈಲು, ಹಡಗು ಎಲ್ಲ ಕಡೆಯೂ ಇದೇ ಬಂತು. ನಾಲ್ಕು ಅಕ್ಷರಗಳನ್ನು ನಾಲ್ಕು ಚೌಕದಲ್ಲಿ ಒತ್ತಿದ್ದು ಅಸಲಿ ಬೆಳ್ಳಿಯ ಮುದ್ರೆಯಂತೆ ಕಾಣಲಿ ಎಂಬ ಜಾಣತನ. ಎ1 ಎಂಬುದು ಲೇಪನದ ದರ್ಜೆ. ಅದು ಎಲ್ಲ ತಯಾರಕರಿಗೂ ಒಂದೇ ಅಳತೆಯಲ್ಲ, ಅದಕ್ಕೆ ಮರುಳಾಗಬೇಡಿ. ಸೌಟನ್ನು ಕರಗಿಸಿದರೆ ಚಿಕ್ಕಪ್ಪನವರ ಕೈಗೆ ಬರುವುದು ಹಳದಿ ಛಾಯೆಯ ನಿರಾಸೆ.

ಬಾಣಕ್ಕೆ ಬರೋಣ. ಅಗಲ ಬಾಣ ಬ್ರಿಟಿಷ್ ಸರ್ಕಾರಿ ದಾಸ್ತಾನಿನ ಗುರುತು. ಕೆನಡಾದವರು ಅದನ್ನು ಸಿ ಅಕ್ಷರದೊಳಗೆ ಕೂರಿಸಿದರು, ಆಸ್ಟ್ರೇಲಿಯಾದವರು ಎರಡು ಡಿ ಅಕ್ಷರಗಳ ನಡುವೆ. ನಿಮ್ಮ ಫೋರ್ಕಿನಲ್ಲಿ ಬಾಣದ ಕೆಳಗಿರುವ ಐ ಎಂದರೆ ಭಾರತದ ಸರ್ಕಾರಿ ದಾಸ್ತಾನು. ನನ್ನ ಸಂಗ್ರಹದಲ್ಲಿ ಬಾಣದ ಸಾಮಾನು ಸಾಕಷ್ಟಿದೆ, ಐ ಇರುವುದು ಬಹಳ ಕಡಿಮೆ. ಭೂತಗನ್ನಡಿ ಹಿಡಿದು ಆ ಎರಡು ಫೋರ್ಕುಗಳ ಹಿಡಿಯ ಹಿಂಬದಿಯನ್ನು ಪೂರ್ತಿ ನೋಡಿ. ಇನ್ನೊಂದು ಬಾಣ ತಲೆಗೆ ತಲೆ ತಾಗುವಂತೆ ಎದುರಾಗಿ ಒತ್ತಿದ್ದರೆ, ಅದು ಸೇವೆಯಿಂದ ತೆಗೆದು ಮಾರಿದ ಸಾಮಾನು ಎಂಬ ಗುರುತು. ಆಗ ನಿಮ್ಮ ಅಜ್ಜ ಕಾಸು ಕೊಟ್ಟೇ ತಂದಿರಬೇಕು. ಎದುರು ಬಾಣ ಇಲ್ಲದಿದ್ದರೂ ಕಳ್ಳತನ ಎಂದು ತೀರ್ಮಾನಿಸಬೇಡಿ. ಯುದ್ಧ ಮುಗಿದಾಗ ಸೈನ್ಯದ ಹೆಚ್ಚುವರಿ ಸಾಮಾನು ಡಿಸ್ಪೋಸಲ್ ಮಾಲು ಎಂದು ಊರೂರಿನಲ್ಲಿ ಮಾರಾಟವಾಗಿದೆ. ಹೊರಡುವ ದೊರೆಗಳು ಬಟ್ಲರನಿಗೆ ಸಂಬಳದ ಬಾಕಿಗೆ ಬದಲು ಚಮಚ ಕೊಟ್ಟು ಹೋದದ್ದೂ ಇರಬಹುದು, ದೊರೆಗಳ ಧಾರಾಳ ಅಷ್ಟೇ.

ಎಂ.ಎಸ್.ಎಂ.ಆರ್. ಎಂದರೆ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ. ಗುಂತಕಲ್ಲಿನಿಂದ ಬಳ್ಳಾರಿ, ಹೊಸಪೇಟೆ, ಗದಗ, ಹುಬ್ಬಳ್ಳಿಗೆ ಹೋಗುವ ನಮ್ಮ ದಾರಿ ಅವರದ್ದೇ. ಆ ಹೆಸರು ಹುಟ್ಟಿದ್ದು 1908ರಲ್ಲಿ, 1951ರ ಏಪ್ರಿಲಿನಲ್ಲಿ ಅದು ದಕ್ಷಿಣ ರೈಲ್ವೆಯಲ್ಲಿ ಸೇರಿಹೋಯಿತು. ಆದ್ದರಿಂದ ಚಮಚದ ಕಾಲ ಈ ಎರಡರ ನಡುವೆ. ನನ್ನ ದೃಷ್ಟಿಯಲ್ಲಿ ನಿಮ್ಮ ಟ್ರಂಕಿನ ಅತ್ಯಂತ ಒಳ್ಳೆಯ ವಸ್ತುಗಳು ಇವೇ. ಏಕೆಂದರೆ ಇವು ಎಲ್ಲಿಂದಲೋ ಬಂದವಲ್ಲ, ನಮ್ಮ ದಾರಿಯಲ್ಲೇ ಸವೆದವು. ಚಮಚದ ತುದಿಯ ಎಡಬದಿ ಬಲಕ್ಕಿಂತ ಹೆಚ್ಚು ಸವೆದಿದೆಯೇ ನೋಡಿ. ಬಲಗೈಯಿಂದ ಬಟ್ಟಲು ಕೆರೆದವರ ಗುರುತು ಅದು. ಗಿಲೀಟು ಮಾಡಿಸಿದರೆ ಅದೂ ಮುಚ್ಚಿಹೋಗುತ್ತದೆ.

ಇನ್ನು ಆ ಬಳೆ. ಅದು ನ್ಯಾಪ್‌ಕಿನ್ ರಿಂಗ್. ಮೆಸ್ಸಿನಲ್ಲಿ ಒಬ್ಬೊಬ್ಬ ಅಧಿಕಾರಿಯ ಬಟ್ಟೆ ಬೇರೆ ಬೇರೆ ಇರಲೆಂದು ಅವರವರ ಹೆಸರಿನ ಅಕ್ಷರಗಳ ಬಳೆಯಲ್ಲಿ ಸುತ್ತಿ ಇಡುತ್ತಿದ್ದರು. ಮೊದಲ ಮಹಾಯುದ್ಧದ ಕಾಲದಲ್ಲಿ ಬಳ್ಳಾರಿಯಲ್ಲಿ ತುರ್ಕಿ ಯುದ್ಧಕೈದಿಗಳ ಶಿಬಿರ ಇದ್ದದ್ದು ನಿಜ, ಚಿಕ್ಕಪ್ಪನವರು ಎಲ್ಲೋ ಕೇಳಿಸಿಕೊಂಡಿದ್ದಾರೆ. ಆದರೆ ಇಂಗ್ಲಿಷ್ ಅಕ್ಷರ ಕೆತ್ತಿದ ಬಳೆ ಪಾಶಾನದು ಎನ್ನಬೇಕಾದರೆ ಕತೆಗಿಂತ ಗಟ್ಟಿಯಾದದ್ದು ಬೇಕು. ಅದರ ಒಳಮೈಯನ್ನು ನೋಡಿ. ನಡೆಯುತ್ತಿರುವ ಸಿಂಹ, ಪಕ್ಕದಲ್ಲಿ ಲಂಗರು ಅಥವಾ ಚಿರತೆಯ ಮುಖ ಅಥವಾ ಕಿರೀಟ, ಒಂದು ಒಂಟಿ ಅಕ್ಷರ, ತಯಾರಕನ ಹೆಸರಿನ ಅಕ್ಷರಗಳು ಇವೆಯೇ? ಸಿಂಹ ಇದ್ದರೆ ಸಾವಿರಕ್ಕೆ 925 ಭಾಗ ಬೆಳ್ಳಿ. ಲಂಗರು ಬರ್ಮಿಂಗ್‌ಹ್ಯಾಮಿನ ಬೆಳ್ಳಿ ಪರೀಕ್ಷಾ ಕಚೇರಿಯದು, ಚಿರತೆ ಲಂಡನ್ನಿನದು, ಕಿರೀಟ ಆಗ ಶೆಫೀಲ್ಡಿನದು. ಒಂಟಿ ಅಕ್ಷರ ವರ್ಷವನ್ನು ಹೇಳುತ್ತದೆ. ಅಕ್ಷರದ ಶೈಲಿ, ಸುತ್ತಲಿನ ಗುರಾಣಿಯ ಆಕಾರ ಎರಡೂ ಆ ಕಚೇರಿಯ ವರ್ಷದ ಅಕ್ಷರಗಳ ಪಟ್ಟಿಗೆ ಹೊಂದಬೇಕು, ಒಂದು ಮಾತ್ರ ಹೊಂದಿದರೆ ಸಾಲದು.

ಜೀನ್ಸ್ ತುಂಡು ಏಕೆ ಬೇಡ ಎಂದರೆ, ಕಪ್ಪು ಮತ್ತು ಕಡುನೀಲಿ ಡೆನಿಮ್‌ಗೆ ಬಳಸುವ ಬಣ್ಣಗಳಲ್ಲಿ ಗಂಧಕದ ಬಣ್ಣಗಳಿವೆ. ಬೆಳ್ಳಿಯ ಮೇಲಿನ ಕಪ್ಪು ಎಂದರೆ ಬೆಳ್ಳಿಗೂ ಗಂಧಕಕ್ಕೂ ಆದ ಸಂಬಂಧ. ಉಣ್ಣೆ, ರಬ್ಬರು, ಮೊಟ್ಟೆ, ಈರುಳ್ಳಿ ಎಲ್ಲವೂ ಗಂಧಕದ ಮನೆಗಳು. ನಿಮ್ಮ ಅಜ್ಜನ ಕಂಬಳಿಯೂ ಅಷ್ಟೇ. ಕಂಬಳಿಯಿಂದ ತೆಗೆದು ಜೀನ್ಸಿಗೆ ಸುತ್ತಿ ಈರುಳ್ಳಿ ಬುಟ್ಟಿಯ ಪಕ್ಕ ಇಟ್ಟರೆ ಇನ್ನು ಕೇಳಬೇಕೇ.

ಲೆಕ್ಕದ ಮನುಷ್ಯ, ಕೌಲ್ ಬಜಾರ್, ಬಳ್ಳಾರಿ

ಅಮ್ಮ, ಬಹಳ ಉಪಕಾರವಾಯಿತು. ಜೀನ್ಸ್ ತುಂಡುಗಳನ್ನು ಬಿಚ್ಚಿದ್ದೇನೆ. ಕಪಾಟು ಈರುಳ್ಳಿ ಬುಟ್ಟಿಯ ಪಕ್ಕದಲ್ಲೇ ಇತ್ತು, ನೀವು ನಮ್ಮ ಮನೆ ನೋಡಿದವರಂತೆ ಬರೆದಿದ್ದೀರಿ.

ಎರಡು ಫೋರ್ಕುಗಳಲ್ಲಿ ಒಂದರ ಮೇಲೆ ಬಾಣಕ್ಕೆ ಎದುರಾಗಿ ಇನ್ನೊಂದು ಬಾಣ ಇದೆ. ಮೊದಲು ನಾನು ಅದನ್ನು ಗೀರು ಎಂದುಕೊಂಡಿದ್ದೆ. ಇನ್ನೊಂದರಲ್ಲಿ ಇಲ್ಲ. ಅಂದರೆ ಅಜ್ಜನವರ ಖಾತೆಯಲ್ಲಿ ಒಂದು ಜಮೆ, ಒಂದು ಅನುಮಾನದ ಬಾಬ್ತು. ಬಳೆಯ ಒಳಮೈಯಲ್ಲಿ ಸಿಂಹ ಇದೆ, ನಡೆಯುತ್ತಿದೆ. ಪಕ್ಕದಲ್ಲಿ ಲಂಗರು, ಆಮೇಲೆ ಸಣ್ಣ ಅಕ್ಷರ ಒಂದು. ಸೌಟಿನ ಮೇಲೆ ಸಿಂಹವೂ ಇಲ್ಲ, ಲಂಗರೂ ಇಲ್ಲ. ಇದನ್ನು ಚಿಕ್ಕಪ್ಪನವರಿಗೆ ಹೇಳಿದಾಗ, ಸಿಂಹ ಸವೆದುಹೋಗಿರಬೇಕು ಎಂದರು. ನಾಳೆ ಸೌಟನ್ನು ಆಭರಣದ ಅಂಗಡಿಗೆ ಒಯ್ದು ಯಂತ್ರದಲ್ಲಿ ಪರೀಕ್ಷಿಸುತ್ತಾರಂತೆ. ಒಯ್ಯಲಿ ಬಿಡಲೇ?

ಚಾಕು, ಅಲ್ಯೂಮಿನಿಯಂ ಡಬ್ಬಿ, ತಟ್ಟೆ ಇವುಗಳ ಬಗ್ಗೆ ಇನ್ನೂ ಯಾರೂ ಹೇಳಿಲ್ಲ. ತೊಳೆಯುವ ಕ್ರಮವೂ ಬಾಕಿ ಇದೆ.

ಉಕ್ಕಿನ ಲ್ಯಾಬ್, ತೋರಣಗಲ್ಲು

ಸರ್, ಯಂತ್ರ ಮೇಲ್ಮೈಯನ್ನಷ್ಟೇ ಓದುತ್ತದೆ. ಆಭರಣದ ಅಂಗಡಿಯ ಕ್ಯಾರೆಟ್ ಮೀಟರ್ ಕ್ಷ-ಕಿರಣ ಬಿಟ್ಟು ಮರಳಿ ಬರುವ ಕಿರಣವನ್ನು ಅಳೆಯುವ ಸಾಧನ. ಗಿಲೀಟಿನ ಸೌಟನ್ನು ಅದರ ಕೆಳಗಿಟ್ಟರೆ ಬೆಳ್ಳಿ ಅಷ್ಟಿದೆ ಇಷ್ಟಿದೆ ಎಂದು ಹೇಳಿ ಚಿಕ್ಕಪ್ಪನವರ ವಾದಕ್ಕೆ ಬಲ ಕೊಡುತ್ತದೆ, ಅಷ್ಟೇ. ಅದರ ಬದಲು ಮನೆಯಲ್ಲೇ ನೀರಿನಲ್ಲಿ ತೂಗಿ. ಸೌಟನ್ನು ಗಾಳಿಯಲ್ಲಿ ತೂಗಿ, ಆಮೇಲೆ ದಾರಕ್ಕೆ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ ತೂಗಿ. ಗಾಳಿಯ ತೂಕವನ್ನು ಎರಡು ತೂಕಗಳ ವ್ಯತ್ಯಾಸದಿಂದ ಭಾಗಿಸಿ. 925ರ ಬೆಳ್ಳಿಯಾದರೆ 10.3ರ ಆಸುಪಾಸು, ನಿಕಲ್ ಸಿಲ್ವರ್ ಆದರೆ 8.7ರ ಆಸುಪಾಸು. ಹಿಡಿ ಟೊಳ್ಳಾಗಿದ್ದರೆ ಈ ಲೆಕ್ಕ ನಡೆಯುವುದಿಲ್ಲ, ಸೌಟು ಸಾಮಾನ್ಯವಾಗಿ ಗಟ್ಟಿಯೇ ಇರುತ್ತದೆ. ನೀವು ಲೆಕ್ಕದವರು, ಚಿಕ್ಕಪ್ಪನವರ ಮುಂದೆಯೇ ಭಾಗಾಕಾರ ಮಾಡಿ ತೋರಿಸಿ.

ಚಾಕುಗಳಿಂದ ಕಾಲ ತಿಳಿಯುತ್ತದೆ. ಕ್ರೋಮಿಯಂ ಸೇರಿಸಿದ ತುಕ್ಕು ಹಿಡಿಯದ ಉಕ್ಕನ್ನು ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ತಯಾರಿಸಿದ್ದು 1913ರಲ್ಲಿ. ಮರುವರ್ಷವೇ ಯುದ್ಧ ಬಂತು, ಆ ಉಕ್ಕು ವಿಮಾನದ ಎಂಜಿನ್ ಕವಾಟಗಳಿಗೆ ಹೋಯಿತು, ಊಟದ ಚಾಕು ಕಾಯಬೇಕಾಯಿತು. ನಿಮ್ಮ ಅಲಗುಗಳು ತುಕ್ಕು ಹಿಡಿದಿವೆ ಎಂದರೆ ಹಳೆಯ ಕಾರ್ಬನ್ ಉಕ್ಕು. ಇವು ಮೊದಲ ಯುದ್ಧದ ಕಾಲದವೋ ಅದಕ್ಕೂ ಹಿಂದಿನವೋ ಆಗಿರುವ ಸಾಧ್ಯತೆ ಹೆಚ್ಚು. ಖಚಿತ ಎನ್ನುವುದಿಲ್ಲ, ಕಾರ್ಬನ್ ಅಲಗು ಮುಂದೆಯೂ ಬಂದಿದೆ. ಇವನ್ನು ನೀರಿನಲ್ಲಿ ನೆನೆಹಾಕಬೇಡಿ. ಹಿಡಿಯೊಳಗೆ ಅಲಗನ್ನು ರಾಳದಿಂದ ಕೂರಿಸಿರುತ್ತಾರೆ, ಬಿಸಿನೀರು ತಾಗಿದರೆ ಸಡಿಲವಾಗುತ್ತದೆ. ನಿಮ್ಮ ಘಟಕದ ಹೊಲಿಗೆ ಯಂತ್ರದ ತೆಳು ಎಣ್ಣೆಯನ್ನು ಹತ್ತಿಬಟ್ಟೆಗೆ ಹಾಕಿ ಅಲಗನ್ನು ಮಾತ್ರ ಒರೆಸಿ. ಎದ್ದ ತುಕ್ಕು ಬಟ್ಟೆಗೆ ಬರುತ್ತದೆ, ಅಂಟಿಕೊಂಡದ್ದು ಇರಲಿ.

ಬಿಳಿ ಹಿಡಿ ಮೂಳೆಯದೋ, ಆನೆದಂತದ್ದೋ, ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್ಕಿನದೋ ನೋಡಬೇಕು. ದಂತದ ಮೈಯಲ್ಲಿ ಒಂದರ ಮೇಲೊಂದು ಹಾಯುವ ಬಿಲ್ಲಿನಂಥ ಗೆರೆಗಳು ಕಾಣುತ್ತವೆ, ಮೂಳೆಯಲ್ಲಿ ಸಣ್ಣ ಕಪ್ಪು ಚುಕ್ಕೆ ಮತ್ತು ಗೀರು. ದಂತ ಎಂದಾದರೆ ಮಾರುವ ಮಾತೇ ಇಲ್ಲ, ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಸೆಲ್ಯುಲಾಯ್ಡ್ ಎಂದಾದರೆ ಉಳಿದವುಗಳಿಂದ ದೂರ ಇಡಿ. ಅದು ಹಳೆಯದಾದಂತೆ ಆಮ್ಲದ ಆವಿ ಬಿಡುತ್ತದೆ, ಬೆಂಕಿಗೂ ಬಹಳ ಬೇಗ ಸಿಕ್ಕುತ್ತದೆ. ನಮ್ಮ ಊರಿನ ಬೇಸಿಗೆಯಲ್ಲಿ ಅಟ್ಟದ ಮೇಲಂತೂ ಬೇಡವೇ ಬೇಡ.

ಅಲ್ಯೂಮಿನಿಯಂ ಡಬ್ಬಿ ಸೈನಿಕನ ಮೆಸ್ ಟಿನ್, ಅಂದರೆ ಊಟದ ಡಬ್ಬಿ. ಆಯತಾಕಾರದ ಜೋಡಿ ಬ್ರಿಟಿಷ್ ಸೈನಿಕರ 1937ರ ಮಾದರಿಯ ಬೆಲ್ಟು, ಚೀಲಗಳ ಸಾಮಗ್ರಿಯೊಂದಿಗೆ ಬಂದದ್ದು. ಸೋಡಾ ಹಾಕಿ ತಿಕ್ಕಬೇಡಿ, ಕ್ಷಾರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಹಿಡಿಯ ಮೇಲೆ ಅಂಕಿಗಳನ್ನು ಗೀಚಿದ್ದರೆ ಅದು ಆ ಸೈನಿಕನ ಸೇವಾ ಸಂಖ್ಯೆ. ಅದನ್ನು ಮೊದಲು ಬರೆದುಕೊಳ್ಳಿ.

ದೂಳಿನ ಬಗ್ಗೆ ಒಂದು ಮಾತು, ಇದು ನಮ್ಮ ಜಿಲ್ಲೆಗೆ ಸೇರಿದ ವಿಷಯ. ಅಕ್ಕಸಾಲಿಗರು ಕೊನೆಯ ಹೊಳಪಿಗೆ ಬಳಸುವ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡ್, ಸಂಡೂರಿನ ಅದಿರೂ ಕಬ್ಬಿಣದ ಆಕ್ಸೈಡ್. ಆದ್ದರಿಂದ ದೂಳು ಒರೆಸಿದರೆ ಬೆಳ್ಳಿ ಹೊಳೆಯಬೇಕಲ್ಲವೇ ಎಂದು ನಮ್ಮಲ್ಲಿ ಒಬ್ಬರು ತಮಾಷೆ ಮಾಡುತ್ತಾರೆ. ಅಕ್ಕಸಾಲಿಗರ ಪುಡಿ ಅತಿ ನಯ. ಲಾರಿ ಎಬ್ಬಿಸುವ ದೂಳಿನಲ್ಲಿ ದಪ್ಪ ಕಣ ಮತ್ತು ಮರಳು ಇರುತ್ತದೆ. ಅದರ ಮೇಲೆ ಬಟ್ಟೆ ಎಳೆದರೆ ಒಂದೇ ಸಲಕ್ಕೆ ಗೀರು. ಮೊದಲು ಮೃದು ಬ್ರಷ್ಷಿನಿಂದ ದೂಳು ಹಾರಿಸಿ, ಆಮೇಲೆ ನೀರು ಮುಟ್ಟಿಸಿ.

ಪತ್ತಾರ ಓಣಿ

ನೀರಿನ ತೂಕದ ಮಾತು ಒಪ್ಪುತ್ತೇನೆ, ನಮ್ಮ ತಂದೆಯವರೂ ಹಾಗೆಯೇ ನೋಡುತ್ತಿದ್ದರು. ಆದರೆ ವಿಭೂತಿಯಿಂದ ಉಜ್ಜಿದರೆ ಏನು ತೊಂದರೆ? ದೇವರ ಸಾಮಾನನ್ನೆಲ್ಲ ನಾವು ಹಾಗೆಯೇ ಬೆಳಗುವುದು.

ಹಳೇ ಪೆಟ್ಟಿಗೆ, ಸಂಡೂರು

ದೇವರ ಸಾಮಾನು ಗಟ್ಟಿ ಬೆಳ್ಳಿ, ಪತ್ತಾರರೇ. ವರ್ಷಕ್ಕೆ ಒಂದಿಷ್ಟು ಸವೆದರೂ ಮೊಮ್ಮಗನ ಕಾಲಕ್ಕೆ ಉಳಿಯುತ್ತದೆ. ಗಿಲೀಟಿನ ಮೇಲೆ ಇರುವುದು ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದ ಪದರ. ವಿಭೂತಿಯಲ್ಲಿ ಎಂಥ ಕಣ ಇದೆ ಎಂದು ಬೆಂದ ಸಗಣಿಗೇ ಗೊತ್ತು. ಟೂತ್‌ಪೇಸ್ಟ್ ಅದಕ್ಕಿಂತ ಕೆಟ್ಟದ್ದು. ಹುಣಸೆಹಣ್ಣು, ಉಪ್ಪು, ನಿಂಬೆ ಇವು ಪದರ ಸವೆದ ಜಾಗದಲ್ಲಿ ಒಳಗಿನ ತಾಮ್ರವನ್ನು ಹಿಡಿಯುತ್ತವೆ. ಅಂಗಡಿಯಲ್ಲಿ ಸಿಗುವ ಅದ್ದುವ ದ್ರಾವಣವನ್ನೂ ದೂರ ಇಡಿ. ಅಲ್ಯೂಮಿನಿಯಂ ಹಾಳೆ, ಸೋಡಾ, ಬಿಸಿನೀರಿನ ವಿಡಿಯೊ ಈಗ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿದೆ. ಅದು ಕಪ್ಪನ್ನು ಮತ್ತೆ ಬೆಳ್ಳಿಯಾಗಿಸುವುದು ನಿಜ, ಆದರೆ ಮೈ ಮಂಕಾಗುತ್ತದೆ, ಕೆತ್ತನೆಯ ಗೆರೆಗಳಲ್ಲಿದ್ದ ಕಪ್ಪೂ ಹೋಗಿ ಅಕ್ಷರ ಓದಲು ಬಾರದಂತಾಗುತ್ತದೆ.

ನಾನು ಮಾಡುವುದು ಹೀಗೆ. ಮನೆಯಲ್ಲಿ ಬೋರ್ ನೀರು ಬಂದರೆ ಬಳಸುವುದಿಲ್ಲ, ಸುಣ್ಣದ ಕಲೆ ಕೂರುತ್ತದೆ. ಫಿಲ್ಟರ್ ನೀರನ್ನು ಉಗುರುಬೆಚ್ಚಗೆ ಮಾಡಿ, ನಿಂಬೆಯ ಅಂಶವಿಲ್ಲದ ಪಾತ್ರೆ ಸಾಬೂನು ಎರಡು ಹನಿ ಹಾಕಿ, ಒಂದೊಂದನ್ನೇ ಹತ್ತಿಯಿಂದ ತೊಳೆದು, ಕೂಡಲೇ ಒರೆಸುತ್ತೇನೆ. ಸಿಂಕಿನಲ್ಲಿ ರಾಶಿ ಹಾಕಿದರೆ ಒಂದಕ್ಕೊಂದು ತಾಗಿ ಗೀರಾಗುತ್ತದೆ. ಇಷ್ಟರಲ್ಲೇ ಅರ್ಧ ಕೊಳೆ ಹೋಗಿರುತ್ತದೆ. ಕಪ್ಪು ತೀರಾ ದಪ್ಪಗಿದ್ದರೆ ಪ್ರೆಸಿಪಿಟೇಟೆಡ್ ಚಾಕ್ ಎಂಬ ನಯವಾದ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯನ್ನು (ಗೋಡೆಗೆ ಬಳಿಯುವ ಸುಣ್ಣವಲ್ಲ) ರಾಸಾಯನಿಕಗಳ ಅಂಗಡಿಯಿಂದ ತಂದು, ಡಿಸ್ಟಿಲ್ಡ್ ನೀರಿನಲ್ಲಿ ಕಲಸಿ, ಹತ್ತಿಯ ತುದಿಯಿಂದ ಮೆಲ್ಲಗೆ ಆಡಿಸುತ್ತೇನೆ. ಶಾಲೆಯ ಬಳಪ ಬೇಡ, ಅದರಲ್ಲಿ ಗರಸು ಇರುತ್ತದೆ. ಮುದ್ರೆಯ ಹತ್ತಿರ ಹೋಗುವುದೇ ಇಲ್ಲ. ಬೂದು ಬಣ್ಣ ಬಂದ ಕೂಡಲೇ ನಿಲ್ಲಿಸುತ್ತೇನೆ. ಹಳದಿ ಛಾಯೆ ಕಂಡರೆ ಒಳಗಿನ ಲೋಹ ಇಣುಕುತ್ತಿದೆ ಎಂದರ್ಥ, ಅಲ್ಲಿ ಕೈ ಕಟ್ಟಿ ಕೂರಬೇಕು. ನಿಮ್ಮ ರೈಲ್ವೆ ಚಮಚಗಳಿಗೆ ಸಾಬೂನು ನೀರಿಗಿಂತ ಮುಂದೆ ಹೋಗುವ ಅಗತ್ಯವೇ ಇಲ್ಲ ಎನಿಸುತ್ತದೆ.

ಇಡುವುದಕ್ಕೆ ಹಳೆಯ ಬಿಳಿ ಪಂಚೆ ಸಾಕು, ಗಂಜಿ ಪೂರ್ತಿ ಹೋಗುವಂತೆ ಒಗೆದಿರಬೇಕು. ಒಂದೊಂದನ್ನು ಬೇರೆ ಬೇರೆ ಸುತ್ತಿ ಪಾಲಿಥೀನ್ ಜಿಪ್ ಚೀಲಕ್ಕೆ ಹಾಕಿ, ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಮಲಗುವ ಕೋಣೆಯ ಸ್ಟೀಲ್ ಬೀರುವಿನಲ್ಲಿಡಿ. ಪಿ.ವಿ.ಸಿ. ಚೀಲ ಬೇಡ, ರಬ್ಬರ್ ಬ್ಯಾಂಡ್ ಖಂಡಿತ ಬೇಡ. ರಬ್ಬರ್ ಬ್ಯಾಂಡ್ ಹಾಕಿದ ಕಡೆ ಬೆಳ್ಳಿಯಲ್ಲಿ ಕೊರೆದಂಥ ಗೆರೆ ಬೀಳುತ್ತದೆ, ಉಜ್ಜಿದರೂ ಹೋಗುವುದಿಲ್ಲ.

ಲಂಗರು ಇರುವ ಬಳೆ ಬರ್ಮಿಂಗ್‌ಹ್ಯಾಮಿನ ಅಸಲಿ ಬೆಳ್ಳಿ. ಕೆತ್ತಿದ 1917 ನಿಜವೇ ಆದರೆ ವರ್ಷದ ಅಕ್ಷರ ಅದೇ ವರ್ಷದ್ದೋ ಅದಕ್ಕಿಂತ ಹಿಂದಿನದ್ದೋ ಆಗಿರಬೇಕು. ನಂತರದ ವರ್ಷ ಬಂದರೆ ಯಾರೋ ಕತೆಗಾಗಿ ಕೆತ್ತಿಸಿದ್ದು. ಅಂಥವೂ ಮಾರುಕಟ್ಟೆಯಲ್ಲಿವೆ. ಹದ್ದಿನ ಗುರುತಿನ ಜರ್ಮನ್ ಸೇನೆಯ ಚಮಚಗಳ ಕತೆಯಂತೂ ಕೇಳಲೇಬೇಡಿ, ಆನ್‌ಲೈನ್‌ನಲ್ಲಿ ಮಾರಾಟಕ್ಕಿರುವವುಗಳಲ್ಲಿ ನಕಲು ಬೇಕಾದಷ್ಟಿದೆ. ಜರ್ಮನ್ ಚಮಚದ ಮೇಲೆ 90 ಎಂದಿದ್ದರೆ ಅದು ನೂರಕ್ಕೆ ತೊಂಬತ್ತು ಬೆಳ್ಳಿ ಎಂದು ಹೇಳಿ ಮಾರುವವರೂ ಇದ್ದಾರೆ. ಹನ್ನೆರಡು ಚಮಚ ಮತ್ತು ಹನ್ನೆರಡು ಫೋರ್ಕಿಗೆ ಒಟ್ಟು 90 ಗ್ರಾಂ ಬೆಳ್ಳಿ ಲೇಪಿಸಿದ್ದೇವೆ ಎಂಬುದು ಅದರ ಅರ್ಥ.

ಇನ್ನೊಂದು, ಲೆಕ್ಕದವರಿಗೆ ಬೇಕಾದದ್ದು. ನೂರು ವರ್ಷ ದಾಟಿದ ವಸ್ತು 1972ರ ಪುರಾತನ ವಸ್ತುಗಳ ಕಾಯ್ದೆಗೆ ಒಳಪಡುತ್ತದೆ. ಬಳೆಯ ವರ್ಷ ಖಚಿತವಾದರೆ ಅದು ಆ ಗಡಿ ದಾಟಿದೆ. ಮನೆಯಲ್ಲಿ ಇಟ್ಟುಕೊಳ್ಳಲು ಹೆದರಬೇಕಿಲ್ಲ, ಆದರೆ ವಿದೇಶದ ಗಿರಾಕಿಗೆ ಅಂಚೆಯಲ್ಲಿ ಕಳುಹಿಸುವಂತಿಲ್ಲ.

ಪಿಂಗಾಣಿ ಅಕ್ಕ, ರಾಯಚೂರು

ತಟ್ಟೆಯ ಬಗ್ಗೆ ಯಾರೂ ಹೇಳಲಿಲ್ಲವೆಂದು ನಾನು ಬಂದೆ. ಕಿರೀಟ, ಜಿ.ಆರ್., 1942 ಎಂದರೆ ಆರನೇ ಜಾರ್ಜ್ ದೊರೆಯ ಕಾಲದ ಸೇನಾ ಪಿಂಗಾಣಿ. ನನ್ನ ಬಳಿಯೂ ಎರಡಿವೆ, ಹೈದರಾಬಾದಿನ ಹಳೆಯ ಬಜಾರಿನಲ್ಲಿ ಕೊಂಡವು. ತಳದ ಮುದ್ರೆ ಇಲ್ಲದ ಬರಿಯ ಬಿಳಿ ತಟ್ಟೆಯನ್ನು ಸೈನ್ಯದ್ದು ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ. 1942ರಿಂದ ಬ್ರಿಟನ್ನಿನಲ್ಲಿ ಮನೆಬಳಕೆಗೆ ಹೂಬಳ್ಳಿಯ ಪಿಂಗಾಣಿ ಮಾರುವಂತಿರಲಿಲ್ಲ, ಬಣ್ಣದ್ದೆಲ್ಲ ರಫ್ತಿಗೆ. 1952ರವರೆಗೆ ಅಲ್ಲಿನ ಗೃಹಿಣಿಯರು ಬಿಳಿ ಬಟ್ಟಲಿನಲ್ಲೇ ಚಹಾ ಕುಡಿದರು. ಹಾಗಾಗಿ ಬಿಳಿ ಎಂಬುದೊಂದೇ ಪುರಾವೆಯಲ್ಲ.

ಮೈಮೇಲೆ ಜೇಡರ ಬಲೆಯಂಥ ಸಣ್ಣ ಬಿರುಕುಗಳಿದ್ದು, ಅವು ಕಂದು ಬಣ್ಣಕ್ಕೆ ತಿರುಗಿದ್ದರೆ ಬ್ಲೀಚಿಂಗ್ ದ್ರವದಲ್ಲಿ ಹಾಕಬೇಡಿ. ಬಿಳಿ ಆಗುತ್ತದೆ, ಆದರೆ ಅದರ ಉಪ್ಪು ಮಣ್ಣಿನೊಳಗೆ ಇಳಿದು, ಒಣಗಿದಾಗ ಹರಳುಗಟ್ಟಿ, ಮೇಲಿನ ಗಾಜಿನ ಪದರವನ್ನು ಪುಡಿಪುಡಿಯಾಗಿ ಎಬ್ಬಿಸುತ್ತದೆ. ಅದರಲ್ಲಿ ಊಟ ಬಡಿಸುವುದೂ ಬೇಡ, ಹಳೆಯ ಮೆರುಗಿನಲ್ಲಿ ಸೀಸ ಇರುವ ಸಂಭವವಿದೆ. ಗೋಡೆಗೆ ತೂಗುಹಾಕುವ ತಂತಿಯ ಕೊಂಡಿ ಹಾಕಬೇಡಿ, ಅಂಚು ಒಡೆಯುತ್ತದೆ. ಎರಡು ತಟ್ಟೆಗಳ ನಡುವೆ ಹತ್ತಿಬಟ್ಟೆ ಹಾಕಿ ಮಲಗಿಸಿ ಇಡಿ.

ಸರ್, ನಿಮ್ಮ ತಟ್ಟೆಯ ತಳದಲ್ಲಿ ತಯಾರಕರ ಹೆಸರು ಇದೆಯೇ? ನನ್ನ ಎರಡರಲ್ಲಿ ಒಂದರದು ಅಳಿಸಿಹೋಗಿದೆ, ಹೋಲಿಸಿ ನೋಡಬೇಕಿತ್ತು.

ಲೆಕ್ಕದ ಮನುಷ್ಯ, ಕೌಲ್ ಬಜಾರ್, ಬಳ್ಳಾರಿ

ಅಕ್ಕ, ಹೆಸರಿನ ಕೊನೆಯ ನಾಲ್ಕು ಅಕ್ಷರಗಳು ಮಾತ್ರ ಕಾಣುತ್ತವೆ. ಟಾರ್ಚನ್ನು ಓರೆಯಾಗಿ ಹಿಡಿದು ತೆಗೆದ ಚಿತ್ರವನ್ನು ಇಂದು ರಾತ್ರಿ ಹಾಕುತ್ತೇನೆ.

ಸೌಟಿನ ತೂಕ ಚಿಕ್ಕಪ್ಪನವರ ಎದುರಿಗೇ ಆಯಿತು. ಘಟಕದಲ್ಲಿ ಗುಂಡಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ತಂದು, ಕೆಳಗೆ ನೀರಿನ ಬಕೆಟ್ ಇಟ್ಟು ತೂಗಿದೆವು. 8.6 ಬಂತು. ಚಿಕ್ಕಪ್ಪನವರು ಕ್ಯಾಲ್ಕ್ಯುಲೇಟರ್ ಕಿತ್ತುಕೊಂಡು ತಾವೇ ಇನ್ನೊಮ್ಮೆ ಒತ್ತಿದರು, ಮತ್ತೆ 8.6. ದೀಪದ ಕಂಬದ ಯೋಜನೆ ರದ್ದಾಗಿದೆ. ಈಗ ಬಳೆಯ ತೂಕ ಎಷ್ಟು ಎಂದು ಕೇಳುತ್ತಿದ್ದಾರೆ. 31 ಗ್ರಾಂ ಎಂದೆ, ಅಷ್ಟೇನಾ ಎಂದು ಎದ್ದು ಹೋದರು. ಆ ಮಟ್ಟಿಗೆ ಬಳೆ ಬಚಾವು.

ಮೆಸ್ ಟಿನ್ನಿನ ಹಿಡಿಯ ಮೇಲೆ ಏಳು ಅಂಕಿಗಳು ಗೀಚಿವೆ, ಪುಸ್ತಕದಲ್ಲಿ ಬರೆದುಕೊಂಡೆ. ಚಾಕುವಿನ ಹಿಡಿಗಳಲ್ಲಿ ಕಪ್ಪು ಚುಕ್ಕೆ ಇವೆ, ಬಿಲ್ಲಿನ ಗೆರೆ ಇಲ್ಲ. ಹಾಗಾಗಿ ಮೂಳೆ ಎಂದು ನಮೂದಿಸಿದ್ದೇನೆ. ಎಲ್ಲಕ್ಕೂ ಕ್ರಮಸಂಖ್ಯೆ ಹಾಕಬೇಕೆಂದಿದ್ದೇನೆ. ಅಂಟುಚೀಟಿ ಹಚ್ಚಬಹುದೇ, ಅಥವಾ ಬೇರೆ ಉಪಾಯ ಇದೆಯೇ?

ಹಳೇ ಪೆಟ್ಟಿಗೆ, ಸಂಡೂರು

ಅಂಟುಚೀಟಿ ಬೇಡ, ಅಂಟು ಕಾಲಕ್ರಮೇಣ ಕಲೆ ಬಿಡುತ್ತದೆ. ಬಿಳಿ ಹತ್ತಿ ದಾರದಲ್ಲಿ ಸಣ್ಣ ಕಾಗದದ ಚೀಟಿ ಕಟ್ಟಿ, ಸಂಖ್ಯೆಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಚಮಚದ ಕುತ್ತಿಗೆಗೆ ಸಡಿಲವಾಗಿ ಕಟ್ಟಿದರೆ ಸಾಕು. ಪುಸ್ತಕದಲ್ಲಿ ತೂಕ, ಉದ್ದ, ಮುದ್ರೆ, ಎಲ್ಲಿ ಸವೆದಿದೆ ಎಂಬುದರ ಜೊತೆಗೆ ಯಾರಿಂದ ಬಂತು ಎಂಬ ಕಲಮು ಇರಲಿ. ಬಳೆಯ ಸಾಲಿನಲ್ಲಿ ಪಾಶಾ ಎಂದು ಬರೆಯಬೇಡಿ, ಚಿಕ್ಕಪ್ಪನವರ ಹೇಳಿಕೆ ಎಂದು ಬರೆಯಿರಿ. ಅತ್ತೆಯವರು ಅದನ್ನು ಕೈಗೆ ಹಾಕಿಕೊಂಡು ಆಡಿದ್ದನ್ನು ಮಾತ್ರ ತಪ್ಪದೆ ಬರೆಯಿರಿ, ಅದಕ್ಕೆ ಸಾಕ್ಷಿ ಮನೆಯಲ್ಲೇ ಇದ್ದಾರೆ.

ಒಂದು ವಿನಂತಿ. ನಿಮ್ಮ ರೈಲ್ವೆ ಚಮಚಗಳ ಉದ್ದ ಎಷ್ಟಿದೆ? ನನ್ನಲ್ಲಿ ಅದೇ ಅಕ್ಷರಗಳ ಒಂದು ಬೆಣ್ಣೆ ತಟ್ಟೆಯ ಮುಚ್ಚಳ ಇದೆ, ತಟ್ಟೆ ಇಲ್ಲ. ಈ ಕಡೆಯ ಯಾರ ಮನೆಯಲ್ಲಾದರೂ ಮುಚ್ಚಳವಿಲ್ಲದ ತಟ್ಟೆ ಇದ್ದರೆ ಅಳತೆ ಬರೆಯಿರಿ, ನನ್ನದು ಒಳ ಅಂಚಿನಲ್ಲಿ 11 ಸೆಂಟಿಮೀಟರ್.